ಖಾಲಿ ಗೋದಾಮಿನಲ್ಲಿ ಕೇಳಿಸಿದ್ದು

ನಿಪ್ಪಾಣಿಯಲ್ಲಿ ಈ ಕತೆಯನ್ನು ಯಾರನ್ನು ಕೇಳಿದರೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾರೆ. ದೊಡ್ಡ ಕಂಪನಿಯವರು ಬಂದರು, ನಮ್ಮೂರ ಮನುಷ್ಯ ಮಾಡಿದ ಸ್ಪೀಕರ್ ಕೇಳಿದರು, ಬೆರಗಾದರು, ಇಡೀ ಕಾರ್ಖಾನೆಯನ್ನೇ ಕೊಂಡುಕೊಂಡರು. ಆ ಮನುಷ್ಯ ನನ್ನ ಸೋದರಮಾವ. ಚಿಕ್ಕೋಡಿಯಲ್ಲಿ ಅವನಿಗೆ ಶಾಲು ಹೊದಿಸಿದ ದಿನ ಭಾಷಣಕಾರರೊಬ್ಬರು ಇದನ್ನೇ ಸ್ವಲ್ಪ ಹಿಗ್ಗಿಸಿ ಹೇಳಿದರು. ಗಡಿನಾಡಿನ ದನಿಗೆ ಜಗತ್ತೇ ಕಿವಿಗೊಟ್ಟಿತು ಎಂದರು. ಚಪ್ಪಾಳೆ ಬಿತ್ತು. ನನ್ನ ಪಕ್ಕದಲ್ಲಿ ಕೂತಿದ್ದ ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ನಾನು ಚಪ್ಪಾಳೆ ತಟ್ಟಲಿಲ್ಲ. ಕಾಲೇಜಿನಲ್ಲಿದ್ದಷ್ಟು ಕಾಲವೂ ಊರೂರು ತಿರುಗಿ ಚರ್ಚಾಸ್ಪರ್ಧೆಗಳಲ್ಲಿ ಮಾತಾಡಿದವಳು ನಾನು. ಅಲ್ಲಿ ನಮಗೆ ಮೊದಲು ಕಲಿಸುತ್ತಿದ್ದುದು ಇದನ್ನೇ: ಎದುರಿನವರ ವಾದವನ್ನು ಇಡಿಯಾಗಿ ತಳ್ಳಬೇಡ, ತುಂಡು ಮಾಡು, ಯಾವ ತುಂಡು ಟೊಳ್ಳೋ ಅದನ್ನು ಮಾತ್ರ ಹಿಡಿ. ಸರಿ, ತುಂಡು ಮಾಡೋಣ. ಬಂದರು ಎನ್ನುವುದು ನಿಜ, ಬಂದವರಿಗೆ ಚಹಾ ಕೊಟ್ಟವಳು ನಾನೇ. ಕೊಂಡುಕೊಂಡರು ಎನ್ನುವುದೂ ನಿಜ. ಬೆರಗಾದರೋ ಇಲ್ಲವೋ ಅವರ ಹೊಟ್ಟೆಯೊಳಗಿನ ಮಾತು, ಬಿಟ್ಟುಬಿಡೋಣ. ಕೇಳಿದರು ಎನ್ನುವುದು ಮಾತ್ರ ಸುಳ್ಳು. ಅವರು ಕೇಳಲಿಲ್ಲ. ಇದನ್ನು ನಾನು ಹೊಟ್ಟೆಕಿಚ್ಚಿಗೆ ಹೇಳುತ್ತಿಲ್ಲ, ನನ್ನ ಹತ್ತಿರ ಆಧಾರವಿದೆ. ಆ ದಿನ ಆ ಸ್ಪೀಕರ್ ಯಾರ ಕಿವಿಗಾದರೂ ಗೊತ್ತಾಗುವಷ್ಟು ಕೆಟ್ಟದಾಗಿ ಕೇಳಿಸಿತ್ತು.

ಮಾಮಾ ಮೂಲತಃ ಮೋಟಾರು ಕಟ್ಟುವವನು. ನಮ್ಮ ಕಡೆ ನದಿಯಿಂದ ಕಬ್ಬಿಗೆ ನೀರೆತ್ತುವ ಪಂಪುಗಳು ಬೇಸಿಗೆಯಲ್ಲಿ ಒಂದಾದ ಮೇಲೊಂದು ಸುಡುತ್ತವೆ. ಸುಟ್ಟ ಮೋಟಾರಿನೊಳಗಿನ ತಂತಿ ಬಿಚ್ಚಿ ಹೊಸ ತಾಮ್ರದ ತಂತಿ ಸುತ್ತಿಕೊಡುವ ಅಂಗಡಿಗಳು ಪ್ರತಿ ಊರಿನಲ್ಲೂ ಇವೆ. ಮಾಮಾನದೂ ಅಂಥದೊಂದು. ನಾನು ಹುಟ್ಟುವ ಮುಂಚೆ ಮಿರಜಿನ ಒಬ್ಬ ಡಾಕ್ಟರು ಹಳೆಯ ವಾಲ್ವಿನ ಆಂಪ್ಲಿಫೈಯರ್ ಒಂದನ್ನು ಹೊತ್ತು ತಂದು, ಇದರ ಟ್ರಾನ್ಸ್‌ಫಾರ್ಮರ್ ಸುಟ್ಟಿದೆ, ತಂತಿ ಸುತ್ತಲು ಬರುತ್ತದೆಯೇ ಎಂದು ಕೇಳಿದರಂತೆ. ತಂತಿ ತಂತಿಯೇ, ಅದಕ್ಕೇನು ಎಂದು ಮಾಮಾ ಸುತ್ತಿಕೊಟ್ಟ. ಡಾಕ್ಟರು ಅವನನ್ನು ಮಿರಜಿಗೆ ಕರೆದೊಯ್ದು ಕೂರಿಸಿ, ಒಂದು ತಂಬೂರಿಯ ರೆಕಾರ್ಡು ಹಾಕಿದರು. ಅಲ್ಲಿಂದ ಬಂದವನು ಬೇರೆಯೇ ಮನುಷ್ಯನಾಗಿದ್ದ ಎಂದು ಮಾಮಿ ಹೇಳುತ್ತಿದ್ದಳು. "ಲಗ್ನದಾಗ ನನ್ನ ಮಾರಿ ನೋಡಿದಾಗೂ ಹಂಗ ಆಗಿರಲಿಲ್ಲ ಬೇ ನಿಮ್ಮ ಮಾಮಾ."

ಹೀಗೆ ಶುರುವಾಯಿತು ಸ್ಪೀಕರು ಮಾಡುವ ಹುಚ್ಚು. ತಂಬಾಕಿನ ವ್ಯಾಪಾರಿಯೊಬ್ಬರ ಹಳೆಯ ಗೋದಾಮಿನ ನಡುಭಾಗವನ್ನು ಬಾಡಿಗೆಗೆ ಹಿಡಿದ. ಉಳಿದ ಮೂರೂ ಬದಿಗೆ ಗೋಣಿತಟ್ಟಿನಲ್ಲಿ ಹೊಲಿದ ತಂಬಾಕಿನ ಮೂಟೆಗಳು, ನಮ್ಮ ಕಡೆ ಬೋದ ಎನ್ನುತ್ತಾರೆ, ಸೂರಿನವರೆಗೆ ಒಟ್ಟಿರುತ್ತಿದ್ದವು. ಒಳಗೆ ಕಾಲಿಟ್ಟವರು ಮೊದಲು ಸೀನಬೇಕು, ಆಮೇಲೆ ಮಾತು. ಕೆಡವಿದ ಹಳೆಯ ವಾಡೆಗಳ, ಅಂದರೆ ದೊಡ್ಡಮನೆಗಳ, ತೊಲೆಗಳನ್ನು ಕೊಯ್ಸಿ ಪೆಟ್ಟಿಗೆ ಮಾಡಲು ಕರೋಶಿಯ ಬಡಿಗನೊಬ್ಬ ಬಂದು ಸೇರಿಕೊಂಡ. ಅವನನ್ನು ನಾವೆಲ್ಲ ಕಾಕಾ ಎನ್ನುತ್ತಿದ್ದೆವು. ತಂತಿ ಸುತ್ತಲು ಇನ್ನಿಬ್ಬರು. ಪೆಟ್ಟಿಗೆಯೊಳಗೆ ತುಂಬಲು ಕುರಿಗಾರರ ಹತ್ತಿರ ಉಣ್ಣೆ ತರುತ್ತಿದ್ದರು. ಪೆಟ್ಟಿಗೆ ಮುಗಿದ ಮೇಲೆ ಮಾಮಾ ಅದೇ ಗೋದಾಮಿನಲ್ಲಿ ಕೂತು, ಅದೇ ರೆಕಾರ್ಡು ಹಾಕಿ, ಹಿಂದಿನ ಹಲಗೆ ಬಿಚ್ಚಿ ಒಂದು ಹಿಡಿ ಉಣ್ಣೆ ತೆಗೆಯುವುದು, ಮತ್ತೆ ಕೇಳುವುದು, ಅರ್ಧ ಹಿಡಿ ಸೇರಿಸುವುದು, ಮತ್ತೆ ಕೇಳುವುದು. ಒಂದು ಜೋಡಿಗೆ ವಾರಗಟ್ಟಲೆ ಇದೇ ನಡೆಯುತ್ತಿತ್ತು. ತಯಾರಾದ ಜೋಡಿ ಕೊಲ್ಹಾಪುರದ ಪ್ರೊಫೆಸರರಿಗೋ, ಉಗಾರದ ಸಕ್ಕರೆ ಕಾರ್ಖಾನೆಯ ಅಧಿಕಾರಿಗೋ, ಅಥಣಿಯ ವಕೀಲರಿಗೋ ಹೋಗುತ್ತಿತ್ತು. ಪೆಟ್ಟಿಗೆಯ ಮೇಲೆ ಹಿತ್ತಾಳೆಯಲ್ಲಿ ನಮ್ಮ ಅಜ್ಜಿಯ ಹೆಸರು. ಆ ಹೆಸರನ್ನು ಇಲ್ಲಿ ಬರೆಯಲಾರೆ. ಅದನ್ನೂ ಮಾರಿದ್ದೇವೆ.

ಎರಡು ಸಾವಿರದ ದಶಕ ಮುಗಿಯುತ್ತಿದ್ದ ಹೊತ್ತಿಗೆ ಕಂಪನಿಯ ಫೋನು ಬಂತು, ನಿಮ್ಮ ಕಾರ್ಖಾನೆಯನ್ನು ಕೊಳ್ಳುವ ಮನಸ್ಸಿದೆ ಎಂದು. ಟಿವಿ, ಫ್ರಿಜ್ಜು, ಮೊಬೈಲು, ಏನೆಲ್ಲ ಪ್ಲಗ್ಗಿಗೆ ಸಿಕ್ಕಿಸಬಹುದೋ ಅದನ್ನೆಲ್ಲ ಮಾಡುವ ಕಂಪನಿ. ಮಾಮಿಯ ಅಡುಗೆಮನೆಯ ಮಿಕ್ಸರೂ ಅವರದೇ.

"ಅವರ ಮಿಕ್ಸರ್ ಹೆಂಗ ಒದರತೈತಿ ನೀವ ಕೇಳೀರಿಲ್ಲ? ಹಂತಾವರಿಗೆ ಸ್ಪೀಕರ್ ಯಾಕ ಬೇಕಾಗೈತ್ರಿ?" ಎಂದಳು ಮಾಮಿ.

ಇಡೀ ಪ್ರಕರಣದಲ್ಲಿ ಯಾರಾದರೂ ಕೇಳಿದ ಅತ್ಯಂತ ಸರಿಯಾದ ಪ್ರಶ್ನೆ ಅದು. ಎಲ್ಲರೂ ನಕ್ಕುಬಿಟ್ಟರು.

ಪುಣೆಯ ಆಫೀಸಿನಿಂದ ಅಧಿಕಾರಿಗಳು ಬಂದು ಕೇಳಿ ನೋಡುತ್ತಾರೆ ಎಂದು ಗೊತ್ತಾದಾಗ ಮನೆಯಲ್ಲಿ ಮದುವೆಯ ಗದ್ದಲ ಶುರುವಾಯಿತು. ಮೊದಲು ಬಾಯಿಬಿಟ್ಟವಳು ಅವ್ವ.

"ಏ ತಮ್ಮಾ, ಏಸಿ ಒಳಗ ಕೂಡೋ ಮಂದಿನ ಆ ಘಾಟಿನ್ಯಾಗ ಕೂಡ್ಸಾವೇನ? ಸೀನಿ ಸೀನಿ ಸಾಯ್ತಾರ ಪಾವ್ಣಾರು."

"ಸೀನಿದ್ರ ಸೀನವಲ್ರಾಕ. ಮೂಗ ಹಗರ ಆಕ್ಕೈತಿ," ಎಂದ ಕಾಕಾ.

"ನಿಂದ ಮೂಗ ಸತ್ತ ಹೋಗೈತಿ, ನೀ ಸುಮ್ನಿರ," ಎಂದಳು ಅವ್ವ. "ಬೀಗರ ಬರೂ ಮುಂದ ಮನಿ ಸಾರಸೂದಿಲ್ಲೇನ? ಇವರೂ ಒಂಥರಾ ಬೀಗರ. ಹೆಣ್ಣ ನೋಡಾಕ ಬರಾಕತ್ತಾರ."

ಮಾಮಾ ಒಪ್ಪಿದ. ಅವನು ಒಪ್ಪಿದ್ದನ್ನು ನಾನು ಒತ್ತಿ ಹೇಳಬೇಕು, ಏಕೆಂದರೆ ಆಮೇಲೆ ಇದನ್ನು ಹೆಂಗಸರ ತಪ್ಪು ಎಂದು ಕೆಲವರು ಹೇಳಿಕೊಂಡು ತಿರುಗಿದರು. ವ್ಯಾಪಾರಿಯ ಕೈಕಾಲು ಹಿಡಿದು, ಬೋದಗಳನ್ನೆಲ್ಲ ಪಕ್ಕದ ಗೋದಾಮಿಗೆ ಸಾಗಿಸಿ, ಕಸ ಹೊಡೆಸಿ, ಸುಣ್ಣ ಕಲಸಿದವನು ಮಾಮಾನೇ. ಕಾಕಾ ಏಣಿ ಹತ್ತಿದ. ಮಾಮಿ ನೆಲ ತೊಳೆದಳು. ನಾನು ಬಾಗಿಲಿಗೆ ರಂಗೋಲಿ ಹಾಕಿ, ಪ್ಲಾಸ್ಟಿಕ್ ಕುರ್ಚಿಗಳನ್ನು ಸಾಲಾಗಿ ಇಟ್ಟೆ. ಸಂಜೆಗೆ ಗೋದಾಮು ಬೆಳ್ಳಗೆ, ಎತ್ತರವಾಗಿ, ಶಾಲೆಯ ಹೊಸ ಹಾಲ್‌ನಂತೆ ಕಾಣುತ್ತಿತ್ತು. ಇಷ್ಟು ವರ್ಷ ಇಂಥ ಜಾಗದಲ್ಲಿ ಕೂತಿದ್ದೆವೇ ಎಂದು ನಮಗೇ ಹೆಮ್ಮೆಯಾಯಿತು.

ಸ್ಪೀಕರು ಮಾಡುವ ಬೇರೆ ಯಾವ ಊರಿನಲ್ಲೂ ಈ ತಪ್ಪು ನಡೆಯುತ್ತಿರಲಿಲ್ಲ ಎಂದು ನನಗೆ ಅನ್ನಿಸುತ್ತದೆ. ಬೇರೆಯವರು ಕೋಣೆಯನ್ನು ಲೆಕ್ಕ ಹಾಕಿ ಕಟ್ಟುತ್ತಾರೆ, ದನಿ ಬಡಿದು ಮರಳದಂತೆ ಗೋಡೆಗೆ ಮೆತ್ತೆ ಹಚ್ಚುತ್ತಾರೆ. ನಮ್ಮಲ್ಲಿ ಆ ಕೆಲಸವನ್ನು ತಂಬಾಕು ಮಾಡುತ್ತಿತ್ತು, ಯಾರಿಗೂ ಹೇಳದೆ. ಮಾಮಾ ಆ ಜಾಗವನ್ನು ಹಿಡಿದಾಗಲೇ ಬೋದಗಳಿದ್ದವು. ಆ ಗೋದಾಮು ಖಾಲಿಯಾದಾಗ ಹೇಗೆ ಕೇಳಿಸುತ್ತದೆ ಎಂದು ತಿಳಿಯುವ ಪ್ರಸಂಗವೇ ಅವನಿಗೆ ಬಂದಿರಲಿಲ್ಲ. ತೊಲೆ, ತಂತಿ, ಉಣ್ಣೆ ಮೂರೂ ಅವನ ಕೈಯಲ್ಲೇ ಹಾದುಹೋದವು. ನಾಲ್ಕನೆಯದೊಂದು ಇದೆಯೆಂದು ಅವನಿಗೂ ಗೊತ್ತಿರಲಿಲ್ಲ. ಅತಿಥಿಗಳಿಗಾಗಿ ಮನೆ ತೊಳೆದೆವು, ತೊಳೆದ ನೀರಿನ ಜೊತೆ ದನಿಯೂ ಹೋಯಿತು.

ಮರುದಿನ ಬೆಳಿಗ್ಗೆ ಅಧಿಕಾರಿಗಳು ನಮ್ಮ ಅಂದಾಜಿಗಿಂತ ಮುಂಚೆಯೇ ಬಂದರು. ಮುಖ್ಯನಾದವನು ಉತ್ತರದ ಕಡೆಯವನು. ಇಂಗ್ಲಿಷು, ಹಿಂದಿ ಬಿಟ್ಟರೆ ಬೇರೆ ಬಾರದು. ಮಾಮಾನ ಹಿಂದಿ ಎರಡು ಶಬ್ದ ದಾಟಿದರೆ ಮರಾಠಿಗೆ ಹೊರಳುತ್ತಿತ್ತು. ಹಾಗಾಗಿ ನಡುವೆ ನಾನು. ಬಂದವರು ಕುರ್ಚಿಯಲ್ಲಿ ಕೂತರು, ನೀರು ಕುಡಿದರು. ಮಾಮಾ ತೋಡಿ ರಾಗದ ರೆಕಾರ್ಡು ಇಟ್ಟು ಮುಳ್ಳು ಇಳಿಸಿದ.

ಗಾಯಕಿ ಒಂದು 'ಸಾ' ಹಾಡಿದರೆ ಎದುರಿನ ಗೋಡೆ ಒಂದು ಸಾ ಎಂದಿತು, ಸೂರು ಇನ್ನೊಂದು. ತಬಲಾದ ಪೆಟ್ಟು ಮೂಲೆಗೆ ಹೋಗಿ ಗುದ್ದಿ ಹಿಂದಿರುಗಿ ಬಂದಿತು. ಸಾಹಿತ್ಯದ ಒಂದಕ್ಷರ ತಿಳಿಯಲಿಲ್ಲ. ಬಾಗಿಲ ಬಳಿ ನಿಂತಿದ್ದ ಕಾಕಾ ತಡೆಯಲಾರದೆ ಕನ್ನಡದಲ್ಲಿ ಅಂದೇಬಿಟ್ಟ:

"ಏನಾತೋ ಇದಕ್ಕ? ಆ ಹಾಡೂ ಬಾಯಿ ಬಾವ್ಯಾಗ ಬಿದ್ದಾಳಲ್ಲೋ!"

ಮಾಮಾನ ಮುಖ ನಾನು ನೋಡಿದೆ. ಮೊದಲು ಯಂತ್ರದ ಕಡೆ ನೋಡಿದ, ಆಮೇಲೆ ತಂತಿಯ ಕಡೆ, ಆಮೇಲೆ ಬೆಳ್ಳಗಿನ ಗೋಡೆಯ ಕಡೆ. ಗೋಡೆಯ ಮೇಲೆ ಕಣ್ಣು ನಿಂತಿತು. ಅವನಿಗೆ ಗೊತ್ತಾಯಿತು. ಅಧಿಕಾರಿ ಕಣ್ಣು ಮುಚ್ಚಿ ತಲೆದೂಗುತ್ತಿದ್ದ.

ರೆಕಾರ್ಡಿನ ಒಂದು ಮಗ್ಗುಲು ಮುಗಿದದ್ದೇ ಅಧಿಕಾರಿ ಎದ್ದು ನಿಂತು ಕೈ ಜೋಡಿಸಿದ. ಅದ್ಭುತ, ಇಂಥದನ್ನು ಎಲ್ಲೂ ಕೇಳಿಲ್ಲ ಎಂದ. ಎಲ್ಲೂ ಕೇಳಿಲ್ಲ ಎನ್ನುವುದೇನೋ ಖರೆ, ನಾವೂ ಕೇಳಿರಲಿಲ್ಲ.

ಮಾಮಾ ನನ್ನ ತೋಳು ಹಿಡಿದು ಬದಿಗೆ ಎಳೆದ. "ಹೇಳ ಬೇ ಅವರಿಗೆ. ಇವತ್ತ ಬರೊಬ್ಬರಿ ಕೇಳಸವಲ್ದು. ಗೋದಾಮ ಖಾಲಿ ಮಾಡಿ ಕೆಟ್ಟೈತಿ. ಬೋದ ಹೊಳ್ಳಿ ಹಾಕಸ್ತೀನಿ. ನಾಳೆ ಒಂದ ದಿನ ಇರ್ರಿ, ಮತ್ತ ಕೇಳ್ರಿ, ಅಂತ ಹೇಳ."

ನಾನು ಹೇಳಿದೆ. ಒಂದು ಶಬ್ದ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ. ಅಧಿಕಾರಿ ನಕ್ಕು ಮಾಮಾನ ಭುಜ ತಟ್ಟಿದ. ಛೆ ಛೆ, ಅದೆಲ್ಲ ಏನೂ ಬೇಡ, ನಾವು ಕೇಳಿದ್ದೇವೆ, ದೊಡ್ಡ ಕಲಾವಿದರಿಗೆ ತಮ್ಮ ಕೆಲಸ ಯಾವಾಗಲೂ ಕಡಿಮೆಯೇ ಅನ್ನಿಸುವುದು ಎಂದ. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: ಪೆಟ್ಟಿಗೆಯ ಮೇಲಿನ ಹೆಸರು ನೋಂದಣಿಯಾಗಿದೆಯೇ? ಆಗಿದೆ ಎಂದೆ. ಜೊತೆಗೆ ಬಂದಿದ್ದವನೊಬ್ಬ ಕ್ಯಾಮೆರಾ ತೆಗೆದ. ಮಾಮಾ ಪೆಟ್ಟಿಗೆಯ ಮೇಲೆ ಕೈಯಿಟ್ಟು ನಿಂತ ಫೋಟೋ ಬೇಕಂತೆ. ತಲೆಗೆ ರುಮಾಲು ಇದ್ದರೆ ಚೆನ್ನ ಎಂದ. ಜನ್ಮದಲ್ಲಿ ರುಮಾಲು ಸುತ್ತದ ಮಾಮಾನ ತಲೆಗೆ ಕಾಕಾನ ರುಮಾಲು ಬಿಚ್ಚಿ ಸುತ್ತಿದರು.

"ನನ್ನ ತಲಿನೂ ಕೊಂಡ್ರಲ್ಲೋ!" ಎಂದು ಕಾಕಾ ಬೋಳು ತಲೆ ಸವರಿಕೊಂಡ.

ಇಲ್ಲಿ ಎದುರಾಳಿಯ ಪರವಾಗಿ ನಾನೇ ಎರಡು ಮಾತು ಹೇಳಬೇಕು, ಇಲ್ಲದಿದ್ದರೆ ಅನ್ಯಾಯ. ಪಳಗಿದ ಕಿವಿಯವರು ಕೋಣೆಯ ಗದ್ದಲವನ್ನು ಮನಸ್ಸಿನಲ್ಲೇ ಕಳೆದು ಪೆಟ್ಟಿಗೆಯ ದನಿಯನ್ನಷ್ಟೇ ಕೇಳಬಲ್ಲರು, ಅವನೂ ಹಾಗೆ ಕೇಳಿರಬಹುದು ಎನ್ನುತ್ತಾರೆ ಕೆಲವರು. ಇರಬಹುದು. ಆದರೆ ಹಾಗೆ ಕಳೆದು ಕೇಳಿದವನು, ಮಾಮಾ ಕೋಣೆಯ ದೋಷ ಹೇಳಿದಾಗ "ಹೌದು, ಗೊತ್ತಾಯಿತು" ಅನ್ನುತ್ತಿದ್ದ. ಇವನು ದೋಷವೇ ಇಲ್ಲ ಎಂದ. ಇನ್ನೊಂದು, ಅವರು ಮೊದಲೇ ಬೇರೆ ಗಿರಾಕಿಗಳ ಮನೆಯಲ್ಲಿ ಕೇಳಿರಬಹುದು. ಮಿರಜಿನ ಡಾಕ್ಟರನ್ನು ಕೇಳಿದೆ, ಉಳಿದವರಿಗೂ ಫೋನು ಮಾಡಿಸಿದೆ. ಯಾರ ಮನೆಗೂ ಯಾರೂ ಹೋಗಿರಲಿಲ್ಲ. ಅಂದಮೇಲೆ ಉಳಿಯುವುದೇನು? ಅವರಿಗೆ ಬೇಕಾಗಿದ್ದದ್ದು ಹೆಸರು, ಮತ್ತು ಆ ಹೆಸರಿನ ಹಿಂದೆ ನಿಲ್ಲಿಸಲು ರುಮಾಲು ಸುತ್ತಿದ ಒಬ್ಬ ಮನುಷ್ಯ.

ಎರಡು ದಿನ ಬಿಟ್ಟು ಒಂದು ಮಧ್ಯಾಹ್ನ ಮಾಮಾನ ಮನೆಯ ಪಡಸಾಲೆಯಲ್ಲಿ ಊಟಕ್ಕೆ ಕೂತಾಗ ಇದನ್ನೆಲ್ಲ ಇದೇ ಕ್ರಮದಲ್ಲಿ ವಾದಿಸಿದೆ. ಎಲ್ಲರೂ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಕೇಳಿದರು. ಮಾತು ಮುಗಿದಾಗ ಅವ್ವ ಮಾಮಿಗೆ ಹೇಳಿದಳು, "ಹೆಂಗ ಮಾತಾಡ್ತಾಳ ನೋಡ ನನ್ನ ಮಗಳು. ಸ್ಟೇಜಿನ ಮ್ಯಾಲೂ ಹಿಂಗ."

"ಕಪ್ ಕೊಡ್ರಿ ಆಕಿಗೆ," ಎಂದ ಕಾಕಾ.

ನಾನು ಗೆದ್ದೆ, ಎಲ್ಲರೂ ಒಪ್ಪಿದರು, ಮಾರಾಟವೂ ನಿಂತುಹೋಯಿತು ಎಂದು ಬರೆಯುವ ಅದೃಷ್ಟ ನನಗಿಲ್ಲ. ಮಾಮಾ ಮೊಸರು ಕಲಸುತ್ತ ಹೇಳಿದ:

"ವಕೀಲಬಾಯಿ, ನೀ ಅಂದಿದ್ದೆಲ್ಲ ಖರೆ. ಅವಂಗ ಕಿವಿ ಇಲ್ಲ, ನನಗ ಗೊತ್ತಾತು. ಆದ್ರ ನನಗ ಐತೆಲ್ಲ? ನಾ ಒಂದ ಮಾತ ಕರಾರಿನಾಗ ಹಾಕಸ್ತೀನಿ. ನನ್ನ ಕಿವಿ ಹೂಂ ಅನ್ನೂತನಕ ಆ ಹೆಸರಿನ ಪೆಟ್ಟಗಿ ಹೊರಗ ಬೀಳಬಾರದು. ಅಷ್ಟಾದ್ರ ಸಾಕಿಲ್ಲ?"

"ಮಾರೂದರ ಯಾಕ ಮಾಮಾ? ಹಿಂಗ ಚಲೋನ ನಡದೈತಲ್ಲ."

"ಯಾರಿಗೆ ನಡದೈತಿ? ಡಾಕ್ಟರ್ ಕೇಳ್ತಾರ, ವಕೀಲರ ಕೇಳ್ತಾರ. ಕಬ್ಬ ಕಡಿಯಾವ್ರ ಮನ್ಯಾಗ ಒಂದ ಇರಬಾರದೇನ ಬೇ? ನನ್ನ ಕೈಲೆ ಅದ ಆಗೂದಿಲ್ಲ. ಅವರಿಗೆ ಆಗತೈತಿ."

ಅವನ ಈ ಆಸೆಯನ್ನು ದುರಾಸೆ ಎನ್ನುವ ಧೈರ್ಯ ನನಗೆ ಈಗಲೂ ಬರುವುದಿಲ್ಲ.

ಕಂಪನಿ ಆ ಷರತ್ತನ್ನು ಮರುಮಾತಿಲ್ಲದೆ ಒಪ್ಪಿತು. ಅಷ್ಟು ಸಲೀಸಾಗಿ ಒಪ್ಪಿದ್ದೇ ನನಗೆ ಹಿಡಿಸಲಿಲ್ಲ. ಚರ್ಚಾಸ್ಪರ್ಧೆಯ ಇನ್ನೊಂದು ಪಾಠವಿದು: ಎದುರಾಳಿ ನಿನ್ನ ಮುಖ್ಯ ಅಂಶವನ್ನು ನಗುತ್ತ ಬಿಟ್ಟುಕೊಟ್ಟರೆ, ಅದು ಮುಖ್ಯ ಅಂಶವೇ ಅಲ್ಲ ಎಂದರ್ಥ, ಇನ್ನೊಮ್ಮೆ ಹುಡುಕು. ಮಾಮಾನಿಗೆ ಹಾಗೆಯೇ ಹೇಳಿದೆ.

"ನಿನಗ ಯಾರ ಮ್ಯಾಲೂ ಇಶ್ವಾಸ ಇಲ್ಲ ನೋಡ. ಲಗ್ನಾ ಹೆಂಗ ಮಾಡ್ಕೊತಿ?" ಎಂದು ನಕ್ಕು ಸಹಿ ಮಾಡಲು ಹೋದ.

ಮೊದಲ ಪತ್ರ ಬಂದದ್ದು ವಿನಯವಾಗಿಯೇ. ಒಂದೇ ಹೆಸರಿನಲ್ಲಿ ಎರಡು ಬಗೆಯ ದನಿ ಮಾರುಕಟ್ಟೆಯಲ್ಲಿ ಇರಬಾರದು, ಆದ್ದರಿಂದ ನಾವು ತಯಾರಿಸುವ ಹೊಸ ಮಾದರಿಯನ್ನು ನಿಮ್ಮ ಕಿವಿ ಒಪ್ಪುವವರೆಗೆ ಹಳೆಯ ಪೆಟ್ಟಿಗೆಗಳ ಕೆಲಸ ನಿಲ್ಲಿಸಿರಿ ಎಂದಿತ್ತು. ತಪ್ಪೇನಿದೆ ಇದರಲ್ಲಿ? ನಾನೂ ಹುಡುಕಿದೆ, ಸಿಗಲಿಲ್ಲ. ಕಾಕಾ ಅರ್ಧ ಕೊಯ್ದ ತೊಲೆಯ ಮೇಲೆ ಗೋಣಿ ಮುಚ್ಚಿದ.

ಮೊದಲ ಮಾದರಿ ಲಾರಿ ಪಾರ್ಸೆಲ್ಲಿನಲ್ಲಿ ಬಂತು. ಅಷ್ಟರಲ್ಲಿ ಬೋದಗಳು ಗೋದಾಮಿಗೆ ಮರಳಿದ್ದವು, ಘಾಟು ಮರಳಿತ್ತು, ಸುಣ್ಣ ಕಾಣುತ್ತಿರಲಿಲ್ಲ. ಮಾಮಾ ಬಹಳ ದಿನ ಕೇಳಿದ. ಬಿಚ್ಚಿದ. ಪೆಟ್ಟಿಗೆ ಮರದ ಹೊಟ್ಟಿನ ಹಲಗೆಯದು. ಒಳಗೆ ಉಣ್ಣೆಯಿಲ್ಲ, ಒಂದು ಚೂರು ಸ್ಪಂಜು. "ಇದು ಮಾತಾಡತೈತಿ, ಹಾಡೂದಿಲ್ಲ," ಎಂದ. ನಾನು ಫೋನಿನಲ್ಲಿ ಅಧಿಕಾರಿಗೆ ತಿಳಿಸಿದೆ. ಬಹಳ ಅಮೂಲ್ಯ ಅಭಿಪ್ರಾಯ ಎಂದು ಅವನು ಧನ್ಯವಾದ ಹೇಳಿದ. ಮಳೆಗಾಲ ಕಳೆಯಿತು. ಎರಡನೆಯ ಮಾದರಿ ಬಂತು. ಬಣ್ಣ ಬೇರೆ, ಹೊಟ್ಟೆಯೊಳಗೆ ಅದೇ ಸ್ಪಂಜು. ಮಾಮಾ ಮತ್ತೆ ಒಲ್ಲೆ ಎಂದ. ತಮ್ಮ ಕಿವಿಯೇ ಕೊನೆಯ ಮಾತು ಸರ್, ನಾವು ಎಷ್ಟು ದಿನವಾದರೂ ಕಾಯುತ್ತೇವೆ ಎಂದ ಅಧಿಕಾರಿ.

ನಿಜವಾಗಿಯೂ ಕಾಯಬಲ್ಲವರು ಅವರು. ಅವರ ಹತ್ತಿರ ಟಿವಿಯಿತ್ತು, ಫ್ರಿಜ್ಜಿತ್ತು. ಷರತ್ತಿನಲ್ಲಿ ನನಗೆ ಕಾಣದೆ ಹೋದ ತೂತು ಆಗ ಕಂಡಿತು. ಬೇಡ ಎನ್ನುವ ಹಕ್ಕು ಇರುವವನಿಗೆ ನಿಲ್ಲಿಸಲು ಬರುತ್ತದೆ, ನಡೆಸಲು ಬರುವುದಿಲ್ಲ. ಮಾಮಾ ಒಲ್ಲೆ ಎಂದಾಗಲೆಲ್ಲ ನಿಂತದ್ದು ಅವರ ಕಾರ್ಖಾನೆಯಲ್ಲ, ನಮ್ಮ ಗೋದಾಮು. ತಂತಿ ಸುತ್ತುವವರಲ್ಲಿ ಒಬ್ಬ ರಾಯಬಾಗದಲ್ಲಿ ಬೇರೆ ಅಂಗಡಿ ಸೇರಿದ. ಇನ್ನೊಬ್ಬ ದಿನಾ ಬಂದು ಬೋದಕ್ಕೆ ಒರಗಿ ಕೂತು ಹೋಗುತ್ತಿದ್ದ.

ಒಂದು ಮಧ್ಯಾಹ್ನ ಕಾಕಾ ಬಂದ. ನಾನು ಅಲ್ಲೇ ಇದ್ದೆ. ಕೂರು ಎಂದರೂ ಕೂರಲಿಲ್ಲ.

"ಇನ್ನೆಷ್ಟ ದಿನ ಒಲ್ಲೆ ಅಂತಿಯೋ?"

"ಚಲೋ ಇಲ್ಲ ಕಾಕಾ ಅದು."

"ಇಲ್ಲಂದ್ರ ಇಲ್ಲ. ನಾ ಹೌದಂತೀನಿ. ನಿನ್ನ ಕಿವಿ ಉಪಾಸ ಹಿಡದೈತಿ, ಹಿಡೀಲಿ. ನಮ್ಮ ಕೈ ಯಾಕ ಉಪಾಸ ಕೂಡಬೇಕು?"

ನಾನು ಬಾಯಿ ಹಾಕಿದೆ. "ಕಾಕಾ, ಇವರು ಹೂಂ ಅಂದ್ರ ಅವರ ಅಲ್ಲೇ ಮಾಡ್ಕೋತಾರ, ನಿಮಗೇನ ಕೆಲಸ ಕೊಡೂದಿಲ್ಲ."

ಕಾಕಾ ನನ್ನ ಕಡೆ ತಿರುಗಿದ. ಅದುವರೆಗೆ ಅವನು ನನ್ನ ಮೇಲೆ ಸಿಟ್ಟಾದದ್ದನ್ನು ನಾನು ಕಂಡಿರಲಿಲ್ಲ. "ಕೊಡೂದಿಲ್ಲ ಅಂತ ನಿನಗ ಗೊತ್ತೈತಿ. ಕೊಡ್ತಾರ ಅಂತ ನನಗ ಗೊತ್ತಿಲ್ಲ. ಆದ್ರೂ ಕೇಳಾಕ ಬಂದೀನಿ. ತಿಳೀತೇನ ನಿನಗ? ನೀ ಭಾಳ ಶ್ಯಾಣ್ಯಾಕಿ ಅದಿ ಬೇ. ನಿನ್ನ ಮಾತ ಕೇಳಿದ್ರ ಮನಷ್ಯಾಗ ಎದ್ದ ನಡ್ಯಾಕ ದಾರಿನ ಉಳಿಯೂದಿಲ್ಲ."

ಅವನು ಹೋದ ಮೇಲೆ ಮಾಮಾ ಬಹಳ ಹೊತ್ತು ಒಂದು ತುಂಡು ತಂತಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತ ಕೂತಿದ್ದ.

ಮೂರನೆಯ ಮಾದರಿ ಚಳಿಗಾಲದಲ್ಲಿ ಬಂತು. ಗುಂಡಗೆ, ಮೊಸರಿನ ಗಡಿಗೆಯಷ್ಟು, ಪೂರ್ತಿ ಪ್ಲಾಸ್ಟಿಕ್ಕು. ಮಾಮಾ ಒಂದೇ ಬೆಳಿಗ್ಗೆ ಕೇಳಿದ. ಬಿಚ್ಚಲಿಲ್ಲ. ಫೋನು ಹಚ್ಚು ಎಂದ. ಹಚ್ಚಿ ಎಂದಿನಂತೆ ನಾನು ಮಾತಾಡಲು ಹೊರಟರೆ ಕೈಯಿಂದ ಕಸಿದುಕೊಂಡು ತನ್ನ ಹಿಂದಿಯಲ್ಲಿ ತಾನೇ ಹೇಳಿದ, "ಠೀಕ್ ಹೈ ಸಾಬ್. ಅಚ್ಛಾ ಹೈ." ಅಷ್ಟೇ. ಫೋನು ನನ್ನ ಕೈಗಿಟ್ಟು ಬಚ್ಚಲ ಹತ್ತಿರ ಹೋಗಿ ಮುಖ ತೊಳೆದ.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಅದರಲ್ಲಿ ಊಹಿಸಲಾಗದ್ದು ಏನೂ ಇಲ್ಲ. ಆ ಗಡಿಗೆಯಂಥ ಸ್ಪೀಕರು ಎಲ್ಲೋ ದೂರದ ಕಾರ್ಖಾನೆಯಲ್ಲಿ ತಯಾರಾಯಿತು. ಚಿಕ್ಕೋಡಿಯ ಮೊಬೈಲ್ ಅಂಗಡಿಗಳಿಗೆ ಬಂತು, ಅಥಣಿಗೆ ಬಂತು. ರಟ್ಟಿನ ಡಬ್ಬಿಯ ಮೇಲೆ ಅಜ್ಜಿಯ ಹೆಸರು, ಕೆಳಗೆ ರುಮಾಲು ಸುತ್ತಿದ ಮಾಮಾ. ಚಿಕ್ಕೋಡಿಯ ಸನ್ಮಾನ ಆಗಲೇ ನಡೆದದ್ದು. ಕಬ್ಬು ಕಡಿಯುವವರ ಟ್ರ್ಯಾಕ್ಟರಿನಲ್ಲಿ ಅದು ಒದರುವುದನ್ನು ನಾನು ಕಾಗವಾಡದ ರಸ್ತೆಯಲ್ಲಿ ಕಂಡಿದ್ದೇನೆ. ಹಾಗಾದರೆ ಅವನ ಆಸೆ ಈಡೇರಿತೇ? ಬೇಕಾದವರು ಹಾಗೆ ವಾದಿಸಲಿ, ನನಗೆ ಶಕ್ತಿಯಿಲ್ಲ. ಗೋದಾಮಿನ ಬಾಡಿಗೆ ಕರಾರನ್ನು ಕಂಪನಿ ಮುಂದುವರಿಸಲಿಲ್ಲ. ಕಾಕಾ ಉಗಾರದಲ್ಲಿ ಬಾಗಿಲು ಚೌಕಟ್ಟು ಮಾಡುತ್ತ ಎರಡು ವರ್ಷ ಇದ್ದು, ಕರೋಶಿಗೆ ಮರಳಿ, ಅಲ್ಲಿಯೇ ತೀರಿಕೊಂಡ. ಆಮೇಲೆ ಕಂಪನಿಯವರು ಆ ಗಡಿಗೆಯನ್ನೂ ನಿಲ್ಲಿಸಿದರು. ಅಜ್ಜಿಯ ಹೆಸರು ಈಗ ಯಾವ ವಸ್ತುವಿನ ಮೇಲೂ ಇಲ್ಲ. ಆದರೂ ಅದು ನಮ್ಮದಲ್ಲ. ಮಾಮಾ ರಾಯಬಾಗದ ರಸ್ತೆಯಲ್ಲಿ ಮತ್ತೆ ತೆರೆದ ಅಂಗಡಿಯ ಬೋರ್ಡಿನಲ್ಲಿ 'ಮೋಟಾರ್ ರಿವೈಂಡಿಂಗ್' ಎಂದಷ್ಟೇ ಬರೆಸಿದ್ದಾನೆ.

ಇಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ದೊಡ್ಡ ಮೀನು ಸಣ್ಣ ಮೀನನ್ನು ನುಂಗಿತು ಎಂದು ಮುಗಿಸಬಹುದಿತ್ತು. ನನ್ನನ್ನು ಕೊರೆಯುತ್ತಿರುವುದು ಮೂರನೆಯ ಮಾದರಿಯ ಆ ಬೆಳಿಗ್ಗೆ. ಒಂದು ಸಂಗತಿಯನ್ನು ಯಾರಿಗೂ ಹೇಳಿಲ್ಲ. ಅಂದು ಆ ಪ್ಲಾಸ್ಟಿಕ್ ಗಡಿಗೆ ನನ್ನ ಕಿವಿಗೆ ಚೆನ್ನಾಗಿಯೇ ಕೇಳಿಸಿತ್ತು. ಎರಡನೆಯದೂ ಚೆನ್ನಾಗಿತ್ತು, ಮೊದಲನೆಯದೂ. ಮಾಮಾನ ಪೆಟ್ಟಿಗೆಗೂ ಅವಕ್ಕೂ ಇದ್ದ ಅಂತರ ನನಗೆ ಯಾವತ್ತೂ ಕೇಳಿಸಿರಲಿಲ್ಲ. ಖಾಲಿ ಗೋದಾಮಿನ ಗದ್ದಲ ಕಿವುಡರಿಗೂ ತಿಳಿಯುವಂಥದು, ಅದರ ಮಾತು ಬೇರೆ. ಉಳಿದದ್ದರಲ್ಲೆಲ್ಲ ನಾನು ಅವನ ಕಿವಿಯನ್ನು ನಂಬಿದ್ದೆ. ಯಾರ ಮೇಲೂ ವಿಶ್ವಾಸವಿಲ್ಲದವಳು ಎಂದು ಬೈಸಿಕೊಂಡ ನಾನು, ಅಷ್ಟೆಲ್ಲ ವಾದವನ್ನು ಕಟ್ಟಿದ್ದು ಪರೀಕ್ಷಿಸದ ಒಂದು ನಂಬಿಕೆಯ ಮೇಲೆ.

ಹಾಗಾಗಿ ನನಗೆ ತಿಳಿಯಲೇಬೇಕಿತ್ತು. ಅದು ಅವನಿಗೆ ನಿಜಕ್ಕೂ ಚೆನ್ನಾಗಿ ಕೇಳಿಸಿದ್ದರೆ, ಮೊದಲೆರಡು ಸಲ ಒಲ್ಲೆ ಎಂದದ್ದು ಏಕೆ? ಹಟವೇ? ಅಥವಾ ಮೂರನೆಯದರ ಹೊತ್ತಿಗೆ ಕಿವಿ ಸೋತಿತ್ತೇ? ಚೆನ್ನಾಗಿ ಕೇಳಿಸದೆಯೇ ಹೂಂ ಎಂದಿದ್ದರೆ, ಮಾರುವಾಗ ತನ್ನದೆಂದು ಉಳಿಸಿಕೊಂಡ ಒಂದೇ ಒಂದನ್ನು ಅವನು ತಾನೇ ಕೊಟ್ಟುಬಿಟ್ಟ. ಎರಡರಲ್ಲಿ ಯಾವುದೂ ನನಗೆ ಬೇಕಾದ ಉತ್ತರವಲ್ಲ. ಮೂರನೆಯದು ಇದೆಯೇ ಎಂದು ಬಹಳ ಹುಡುಕಿದ್ದೇನೆ.

ಕಳೆದ ಬೇಸಿಗೆಯಲ್ಲಿ ಅಂಗಡಿಗೆ ಹೋದೆ. ಅಲಖನೂರಿನ ಒಬ್ಬ ರೈತ ಸುಟ್ಟ ಮೋಟಾರು ತಂದು ಕೂತಿದ್ದ. "ಲಗೂ ಮಾಡ್ರಿ ಮಾಲಕ್ರ, ಕಬ್ಬ ಬಾಯಿ ತಕ್ಕೊಂಡ ನಿಂತೈತಿ," ಎಂದು ಒಂದೇ ಸಮನೆ ಅವಸರ ಮಾಡಿ, ಮಾಮಾ ಸಂಜೆಗೆ ಬಾ ಎಂದ ಮೇಲೆ ಎದ್ದು ಹೋದ. ನಾವಿಬ್ಬರೇ ಉಳಿದೆವು. ಮಾಮಾ ಬಿದಿರಿನ ಪಟ್ಟಿಯಿಂದ ತಂತಿಯನ್ನು ಒಂದೊಂದೇ ಸಂದಿಗೆ ತುರುಕುತ್ತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ಮಾಮಾ, ಒಂದ ಮಾತ ಕೇಳ್ಲ್ಯಾ?"

"ನೀ ಯಾವಾಗ ಒಂದ ಕೇಳೀದಿ ವಕೀಲಬಾಯಿ? ಚಹಾ ಹೇಳ್ಯಾನಿ, ಮೊದಲ ಕುಡಿ."

ಚಹಾ ಬಂತು. ಕುಡಿದೆ. ಲೋಟ ಕೆಳಗಿಟ್ಟು ಕೇಳಿದೆ. ಅವನ ಕೈ ನಿಲ್ಲಲಿಲ್ಲ, ತಲೆ ಮೇಲೇಳಲಿಲ್ಲ. ಕೇಳಿಸಲಿಲ್ಲವೇನೋ ಎಂದು ಇನ್ನಷ್ಟು ಹತ್ತಿರ ಸರಿದು ಮತ್ತೊಮ್ಮೆ ಕೇಳಿದೆ:

"ಅವತ್ತ ಫೋನ್ ಕಸ್ಕೊಂಡ ಅಚ್ಛಾ ಹೈ ಅಂದೆಲ್ಲ ಮಾಮಾ, ನಿನಗ ಖರೇನ ಚಲೋ ಕೇಳಿಸಿತ್ತೇನ?"